ಎಣ್ಣೆ ಕುಡಿದ ಬ್ಯಾಟು



ಈ ಸಲದ ನಮ್ಮ ಸಂಘದ ಕ್ರಿಕೆಟ್ ಪಂದ್ಯಾಟದಲ್ಲಿ ನಾನು ಎಂದಿನಂತೆ ಸ್ಕೋರು ಬರೆಯುವ ಮೇಜಿನ ಹಿಂದೆ ಕುಳಿತಿದ್ದೆ. ವಯಸ್ಸಾದವರಿಗೆ ಸಂಘದವರು ಪ್ರೀತಿಯಿಂದ ಕೊಡುವ ಕೆಲಸವದು. ಬಿಸಿಲು ತಾಗುವುದಿಲ್ಲ, ಚಹಾ ಎಲ್ಲರಿಗಿಂತ ಮೊದಲು ಬರುತ್ತದೆ. ಆಗ ನಿಮ್ಮಲ್ಲೊಬ್ಬ (ಹೆಸರು ಬೇಡ, ಓದಿ ಅವನೇ ನಕ್ಕರೆ ಸಾಕು) ಮೂರು ಚೆಂಡುಗಳಿಗೆ ಮೂರು ಸಲ ಬರೇ ಗಾಳಿ ಬೀಸಿ, ನಾಲ್ಕನೆಯದಕ್ಕೆ ಬೌಲ್ಡ್ ಆಗಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಧೊಪ್ಪನೆ ಕುಳಿತ.

"ಅಂಕಲ್, ಈ ಬ್ಯಾಟು ತುಂಬಾ ಹೆವಿ ಆಗ್ತದೆ. ಹೊಸದು. ಡ್ಯಾಡಿ ತಂದುಕೊಟ್ಟದ್ದು. ಅವರಿಗೆ ಕ್ರಿಕೆಟ್ ಏನೂ ಗೊತ್ತಾಗೋದಿಲ್ಲ" ಎಂದ.

ಆ ಕೊನೆಯ ಮಾತು ಕೇಳಿ ನನ್ನ ಪೆನ್ನು ನಿಂತಿತು. ಎರಡು ರನ್ನು ಬರೆಯುವುದು ಬಿಟ್ಟೇ ಹೋಯಿತು. ಆ ಪಂದ್ಯ ಒಂದೆರಡು ರನ್ನುಗಳಲ್ಲಿ ತೀರ್ಮಾನವಾಗದೆ ಇದ್ದುದು ನನ್ನ ಪುಣ್ಯ. ಇಲ್ಲವಾದರೆ ನಮ್ಮ ಕಾರ್ಯದರ್ಶಿಗಳು ಮುಂದಿನ ವರ್ಷ ನನ್ನನ್ನು ಚಹಾ ಹಂಚುವ ಕೆಲಸಕ್ಕೆ ಹಾಕುತ್ತಿದ್ದರು.

ಅವನ ಬ್ಯಾಟನ್ನು ಕೈಗೆ ತೆಗೆದುಕೊಂಡು ನೋಡಿದೆ. ಕಾಶ್ಮೀರದ ವಿಲೋ ಮರದ್ದು. ದಪ್ಪ ಅಂಚು, ಚೆಂದದ ಸ್ಟಿಕ್ಕರು. ಮುಖವನ್ನು ಕೆಳಗೆ ಮಾಡಿ, ಚಾಚಿದ ತೋರುಬೆರಳ ಮೇಲೆ ಅಡ್ಡ ಇಟ್ಟು, ಅತ್ತ ಇತ್ತ ಸರಿಸಿ ಎಲ್ಲಿ ಅಲುಗದೆ ನಿಲ್ಲುತ್ತದೆ ಎಂದು ಪರೀಕ್ಷಿಸಿದೆ. ನೀವೂ ಇಂದೇ ನಿಮ್ಮ ಬ್ಯಾಟಿಗೆ ಇದನ್ನು ಮಾಡಿ ನೋಡಿ. ನಿಂತ ಜಾಗದಲ್ಲಿ ಅಂಚಿನ ಮೇಲೆ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ ಹಾಕಿಡಿ. ಆಮೇಲೆ ಗೆಳೆಯನ ಬ್ಯಾಟಿಗೂ ಹೀಗೇ ಗೆರೆ ಹಾಕಿ ಎರಡನ್ನೂ ಪಕ್ಕಪಕ್ಕ ಇಡಿ. ತಕ್ಕಡಿಯಲ್ಲಿ ಎರಡೂ ಒಂದೇ ತೂಕವಿದ್ದರೂ ಗೆರೆಗಳು ಒಂದೇ ಕಡೆ ಬೀಳುವುದು ಅಪರೂಪ. ಗೆರೆ ಕೆಳಗಿದ್ದ ಬ್ಯಾಟು ಕೈಗೆ ಭಾರ, ಮೇಲಿದ್ದದ್ದು ಹಗುರ.

ಅಂಗಡಿಯಲ್ಲಿ ನಾವು ಕೇಳುವುದು ಬರೇ ತೂಕವನ್ನು. ಆದರೆ ಆಡುವಾಗ ಬ್ಯಾಟು ತಕ್ಕಡಿಯ ತಟ್ಟೆಯಲ್ಲಿ ಮಲಗಿರುವುದಿಲ್ಲವಲ್ಲ! ಒಂದು ತುದಿಯನ್ನು ಹಿಡಿದು ಇನ್ನೊಂದು ತುದಿಯನ್ನು ಎತ್ತಿ ಬೀಸಬೇಕು. ಮನೆಯ ಕಸಬರಿಗೆಯನ್ನು ನಡುವಿನಲ್ಲಿ ಹಿಡಿದು ಎತ್ತಿ, ಆಮೇಲೆ ಹಿಡಿಯ ತುದಿಯನ್ನು ಹಿಡಿದು ಎತ್ತಿ ನೋಡಿ. ಕಸಬರಿಗೆ ಅದೇ, ಮಣಿಕಟ್ಟು ಹೇಳುವ ಕಥೆ ಬೇರೆ. ಕೈಯಿಂದ ಎಷ್ಟು ದೂರದಲ್ಲಿ ಮರ ಕೂತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕ್ರಿಕೆಟ್ಟಿನ ನಿಯಮಗಳೂ ಬ್ಯಾಟಿನ ಉದ್ದ 38 ಇಂಚು ಮೀರಬಾರದು, ಅಗಲ ನಾಲ್ಕೂಕಾಲು ಇಂಚು ಮೀರಬಾರದು ಎನ್ನುತ್ತವೆ. 2017ರಿಂದ ಅಂಚಿನ ದಪ್ಪ 40 ಮಿಲಿಮೀಟರ್ ಮೀರಬಾರದೆಂದೂ ಸೇರಿಸಿದ್ದಾರೆ. ಆದರೆ ತೂಕಕ್ಕೆ ಮಾತ್ರ ಯಾವ ಮಿತಿಯನ್ನೂ ಹಾಕಿಲ್ಲ. ಬ್ರಾಡ್‌ಮನ್ ಆಡಿದ್ದು ಎರಡು ಪೌಂಡು ಎರಡು ಔನ್ಸಿನ ಆಸುಪಾಸಿನ ಬ್ಯಾಟಿನಲ್ಲಿ, ಅಂದರೆ ಒಂದು ಕಿಲೋಗಿಂತಲೂ ಕಡಿಮೆ. ನಮ್ಮ ತೆಂಡೂಲ್ಕರ್ ಆಡಿದ್ದು ಮೂರು ಪೌಂಡಿಗೂ ಮಿಕ್ಕಿದ ಬ್ಯಾಟಿನಲ್ಲಿ. ಇಬ್ಬರಲ್ಲಿ ಯಾರ ಬ್ಯಾಟಿನ ತೂಕ ಸರಿ ಎಂದು ಕೇಳುವ ಧೈರ್ಯ ಯಾರಿಗಿದೆ?

ಇದನ್ನೆಲ್ಲ ನನಗೆ ಕಲಿಸಿದವರು ಯಾವ ಕೋಚೂ ಅಲ್ಲ. ಜನ್ಮದಲ್ಲಿ ಒಂದು ಕ್ರಿಕೆಟ್ ಪಂದ್ಯವನ್ನೂ ನೋಡಿರದ, ಹೊನ್ನಾವರದ ಹತ್ತಿರ ಶರಾವತಿ ದಡದಲ್ಲಿದ್ದ ಒಬ್ಬ ಮುದುಕ ಆಚಾರಿ. ಆ ಕಥೆಯನ್ನು ಹೇಳಬೇಕೆಂದರೆ ಮೊದಲು ನನ್ನದೊಂದು ತಪ್ಪನ್ನು ಹೇಳಬೇಕಾಗುತ್ತದೆ.

1983ರ ಜೂನ್ 25ರಂದು ಭಾರತ ವಿಶ್ವಕಪ್ ಗೆದ್ದಿತು. ಆಗ ನನಗೆ ಹದಿನಾಲ್ಕು ವರ್ಷ. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿದ್ದೆವು. ಅಪ್ಪ ಮುಂಬಯಿಯ ಬಟ್ಟೆ ಮಾರುಕಟ್ಟೆಯ ಒಂದು ಪೇಢಿಯಲ್ಲಿ ಲೆಕ್ಕ ಬರೆಯುತ್ತಿದ್ದರು. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರದ ಬಿಸಿ ಮಾರುಕಟ್ಟೆಗೂ ತಾಗಿತ್ತು. ಮನೆಯಲ್ಲಿ ಹಾಲು ಅರ್ಧ ಲೀಟರಿಗೆ ಇಳಿದಿತ್ತು. ಆದರೂ ಆ ವರ್ಷ ಪ್ರತಿ ಹುಡುಗನಿಗೂ ಬ್ಯಾಟು ಬೇಕಿತ್ತು. ನಾನೂ ಮೂರು ತಿಂಗಳು ಊಟದ ತಟ್ಟೆಯ ಮುಂದೆ ಅದನ್ನೇ ಜಪಿಸಿದೆ.

ಅಪ್ಪನಿಗೆ ಆಟ ಗೊತ್ತಿರಲಿಲ್ಲ. ಆಟಗಾರರ ಊರು ಮಾತ್ರ ಗೊತ್ತಿತ್ತು. ವಿಶ್ವನಾಥ್ ಭದ್ರಾವತಿಯವರು, ಬಿನ್ನಿ ಬೆಂಗಳೂರಿನವರು, ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್, ತೆಗೆದದ್ದು ಅದೇ ಬಿನ್ನಿ ಎಂಬುದಷ್ಟನ್ನು ಅವರು ಲೆಕ್ಕದ ಪುಸ್ತಕದಲ್ಲಿ ಜಮಾ ಮಾಡಿಕೊಂಡಂತೆ ನೆನಪಿಟ್ಟಿದ್ದರು. 1974ರಲ್ಲಿ, ಹದಿನೈದು ವರ್ಷ ಬಿಡದೆ ರಣಜಿ ಗೆದ್ದಿದ್ದ ಮುಂಬಯಿಯನ್ನು ಕರ್ನಾಟಕ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಮಣಿಸಿದಾಗ, ಇಡೀ ಪೇಢಿಯಲ್ಲಿ ಇವರೊಬ್ಬರೇ ಪೇಢಾ ಹಂಚಿ ಗುಮಾಸ್ತರ ಕೈಲಿ ಬೈಸಿಕೊಂಡಿದ್ದರಂತೆ. ಅವರ ಕ್ರಿಕೆಟ್ ಅಷ್ಟೇ.

ದೀಪಾವಳಿಯ ಬೋನಸ್ ಬಂದ ಸಂಜೆ ಅವರು ಒಬ್ಬರೇ ಧೋಬಿ ತಲಾವ್‌ಗೆ ಹೋಗಿ ಬ್ಯಾಟು ತಂದರು. ಹೊಸ ಪತ್ರಿಕೆಯಲ್ಲಿ ಸುತ್ತಿ, ರೈಲಿನ ಗರ್ದಿಯಲ್ಲಿ ಎದೆಗೆ ಅವುಚಿಕೊಂಡು ತಂದಿದ್ದರು. ಪೂರ್ತಿ ದೊಡ್ಡವರ ಅಳತೆಯದು! ನಮಗೆ ಷರಟು ಹೊಲಿಸುವಾಗಲೂ ಅವರದು ಅದೇ ನೀತಿ: ಬೆಳೆಯುವ ಹುಡುಗ, ಎರಡು ವರ್ಷ ಬರಲಿ. "ಅಂಗಡಿಯಲ್ಲಿದ್ದದ್ದರಲ್ಲಿ ಇದೇ ಎಲ್ಲಕ್ಕಿಂತ ಭಾರ, ನಾನೇ ಒಂದೊಂದನ್ನೂ ಎತ್ತಿ ನೋಡಿದೆ" ಎಂದು ಹೆಮ್ಮೆಯಿಂದ ಹೇಳಿದರು. ತೆಂಗಿನಕಾಯಿ ಆರಿಸುವವರ ಕಣ್ಣು ಅದು.

ಆ ಬ್ಯಾಟು ಭಾರವಿತ್ತು ನಿಜ. ಆದರೆ ಕೆಟ್ಟದ್ದಾಗಿರಲಿಲ್ಲ. ಎರಡು ವಾರ ನಾನದರಲ್ಲಿ ಚೆನ್ನಾಗಿಯೇ ಆಡಿದೆ. ಕೆಟ್ಟದ್ದಾದದ್ದು ಆಮೇಲೆ, ನನ್ನಿಂದ.

ಹೊಸ ಬ್ಯಾಟಿಗೆ ಅಗಸೆ ಎಣ್ಣೆ ಹಚ್ಚಬೇಕು ಎಂದು ಅಂಗಡಿಯಾತ ಹೇಳಿಕಳಿಸಿದ್ದ. ಮುಂಬಯಿಯಲ್ಲಿ ಅಲ್ಸೀ ತೇಲ್ ಎನ್ನುವುದು ಅದನ್ನೇ. ಬಣ್ಣದ ಅಂಗಡಿಯಲ್ಲಿ ಸಿಗುತ್ತಿತ್ತು. ಅಪ್ಪ ಅದನ್ನೂ ಒಂದು ಸೀಸೆ ತಂದಿದ್ದರು. ಹಚ್ಚುವ ಸರಿಯಾದ ಕ್ರಮ ಬಹಳ ಸುಲಭ. ಒಂದು ಚಹಾ ಚಮಚದಷ್ಟು ಎಣ್ಣೆ, ಒಂದು ಹಳೆಯ ಬಟ್ಟೆಯ ತುಂಡು. ಮುಖ, ಅಂಚು, ಬೆನ್ನು, ಕೆಳತುದಿ ಇಷ್ಟಕ್ಕೆ ತೆಳುವಾಗಿ ಸವರಿ, ಬ್ಯಾಟನ್ನು ಮಲಗಿಸಿ ಒಂದು ದಿನ ಬಿಡುವುದು. ಒಣಗಿದ ಮೇಲೆ ಇನ್ನೊಂದು ಸಲ, ಬೇಕಾದರೆ ಮತ್ತೊಂದು ಸಲ. ಹಿಡಿ ಮತ್ತು ಮರ ಬೆಸೆದುಕೊಳ್ಳುವ ವಿ ಆಕಾರದ ಜಾಗಕ್ಕೆ ಎಣ್ಣೆ ಮುಟ್ಟಿಸಲೇಬಾರದು. ಅಲ್ಲಿಯ ಅಂಟು ಸಡಿಲವಾಗುತ್ತದೆ. ನಿಮ್ಮ ಬ್ಯಾಟಿನ ಮುಖಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಮುಖಕ್ಕೂ ಎಣ್ಣೆ ಬೇಡ.

ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಮೈದಾನದಲ್ಲಿ ಒಬ್ಬ ದೊಡ್ಡ ಹುಡುಗ, ಎಣ್ಣೆ ಎಷ್ಟು ಕುಡಿಸಿದರೆ ಹೊಡೆತ ಅಷ್ಟು ದೂರ ಹೋಗುತ್ತದೆ ಎಂದಿದ್ದ. ನಾನು ಖಾಲಿ ಡಾಲ್ಡಾ ಡಬ್ಬಿಯಲ್ಲಿ ಸೀಸೆಯ ಎಣ್ಣೆಯನ್ನೆಲ್ಲ ಸುರಿದು, ಬ್ಯಾಟನ್ನು ಅದರಲ್ಲಿ ನಿಲ್ಲಿಸಿ, ಮೋರಿಯ ಮೂಲೆಯಲ್ಲಿ ಹಳೆಯ ಕೊಡೆಗಳ ಹಿಂದೆ ಅಡಗಿಸಿಟ್ಟೆ. ನಾಲ್ಕು ರಾತ್ರಿ. ಮರದ ನಾರುಗಳ ಬಾಯಿ ತೆರೆದಿರುವುದು ಕೆಳತುದಿಯಲ್ಲೇ. ದೀಪದ ಬತ್ತಿ ಎಣ್ಣೆ ಎಳೆಯುವುದನ್ನು ನೋಡಿದ್ದೀರಲ್ಲ, ಹಾಗೆ ಅದು ಎಳೆದುಕೊಂಡಿತು. ಐದನೆಯ ದಿನ ತೆಗೆದು ನೋಡಿದರೆ ಡಬ್ಬಿಯಲ್ಲಿ ಎಣ್ಣೆ ಎಷ್ಟೋ ಇಳಿದಿತ್ತು, ಬ್ಯಾಟಿನ ಕೆಳಗಿನ ಒಂದು ಗೇಣು ಕಪ್ಪಾಗಿತ್ತು. ಎತ್ತಿದರೆ, ಅಯ್ಯೋ, ಒನಕೆ!

ಆಮೇಲೆ ಚೆಂಡು ತಾಗಿದರೆ ಟಕ್ ಎನ್ನುವ ಬದಲು ಧಬ್ ಎನ್ನುತ್ತಿತ್ತು. ಬ್ಯಾಟು ಮೇಲೆ ಹೋಗುವಾಗ ನಿಧಾನ, ಕೆಳಗೆ ಬರುವಾಗ ತಡ. ಒಂದು ತಿಂಗಳಲ್ಲಿ ನಾನು ನಮ್ಮ ಕಟ್ಟಡದ ತಂಡದಲ್ಲಿ ನಾಲ್ಕನೆಯ ಸ್ಥಾನದಿಂದ ಒಂಬತ್ತನೆಯದಕ್ಕೆ ಇಳಿದೆ. ಅಪ್ಪ ಒಂದು ಭಾನುವಾರ ಮೈದಾನದ ಅಂಚಿನಲ್ಲಿ ನಿಂತು ನೋಡಿದವರು ಮನೆಗೆ ಬರುವಾಗ ಮೆಲ್ಲಗೆ ಕೇಳಿದರು: "ಬ್ಯಾಟು ಸರಿಯಿಲ್ಲವೇನೋ?"

ಆಗ ನಾನು ನಿಜ ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ: "ನೀವು ಆರಿಸುವಾಗಲೇ ಭಾರದ್ದನ್ನು ಆರಿಸಿದಿರಿ ಅಪ್ಪಾ. ಕ್ರಿಕೆಟ್ ಗೊತ್ತಿದ್ದವರನ್ನು ಕರೆದುಕೊಂಡು ಹೋಗಬೇಕಿತ್ತು."

ಅವರು ಏನೂ ಅನ್ನಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ "ಹೌದು, ಅದೊಂದು ತಪ್ಪಾಯಿತು" ಎಂದರು.

ಮೇ ತಿಂಗಳ ರಜೆಯಲ್ಲಿ ಊರಿಗೆ ಹೊರಟಾಗ ಅಪ್ಪ ಆ ಬ್ಯಾಟನ್ನೂ ಕಟ್ಟಿಕೊಂಡರು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಆಗ ನಮಗೆ ಇದ್ದದ್ದು ಘಟ್ಟ ಹತ್ತಿ ಇಳಿಯುವ ಬಸ್ಸೊಂದೇ. ರಾತ್ರಿಯಿಡೀ ಆ ಬ್ಯಾಟು ಸೀಟಿನ ಕೆಳಗೆ ಉರುಳಿ ಉರುಳಿ ಮುಂದಿನವರ ಕಾಲಿಗೆ ಬಡಿಯಿತು. ಏಕೆ ತಂದಿರಿ ಎಂದರೆ "ಆಚಾರಿಗೆ ತೋರಿಸುವಾ" ಎಂದಷ್ಟೇ ಹೇಳಿದರು.

ಆಚಾರಿಯ ಕೊಟ್ಟಿಗೆ ಹೊಳೆಯ ದಡದಲ್ಲೇ ಇತ್ತು. ಅವರ ಮುಖ್ಯ ಕೆಲಸ ದೋಣಿಗಳದ್ದು. ಅದರಲ್ಲೂ ಹುಟ್ಟು ಮಾಡುವುದರಲ್ಲಿ ಹೆಸರುವಾಸಿ. ಹುಟ್ಟು ಎಂದರೆ ದೋಣಿ ನಡೆಸುವ ಉದ್ದ ಕೋಲು, ತುದಿಯಲ್ಲಿ ಹಲಗೆಯಂತೆ ಚಪ್ಪಟೆ; ಶಾಲೆಯಲ್ಲಿ ಮರಾಠಿ ಕಲಿತ ನಿಮಗೆ ವಲ್ಹೇ ಎಂದರೆ ತಟ್ಟನೆ ತಿಳಿದೀತು. ಅಪ್ಪ ಬ್ಯಾಟನ್ನು ಕೊಟ್ಟು ವಿಷಯ ಹೇಳಿದರು. ಆಚಾರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ನೀರು ಎಳೆಯುವುದೋ, ಬಟ್ಟೆ ಒಗೆಯುವುದೋ?" ಎಂದರು. ಎಲ್ಲರೂ ನಕ್ಕರು. ಆಮೇಲೆ ಅದನ್ನು ಬೆರಳ ಮೇಲಿಟ್ಟು ನಿಲ್ಲಿಸಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅಂಚಿಗೆ ಒಂದು ಗೆರೆ ಎಳೆದರು. ಮೇಲೆ ನಾನು ನಿಮಗೆ ಹೇಳಿದ ಪರೀಕ್ಷೆ ಅವರದೇ.

"ಭಾರ ಹೆಚ್ಚೇನಿಲ್ಲ ತಮಾ. ಇದ್ದದ್ದೆಲ್ಲ ಬುಡಕ್ಕೇ ಹೋಗಿ ಕೂತಿದೆ."

ನನಗೆ ಬ್ಯಾಟು ಕೊಟ್ಟು, ಆಡುವಾಗ ಹೇಗೆ ನಿಲ್ಲುತ್ತೀಯೋ ಹಾಗೆ ನಿಲ್ಲು ಎಂದರು. ಕಣ್ಣು ಮುಚ್ಚು ಎಂದರು. ಎತ್ತಿ ಹಾಗೇ ಹಿಡಿದುಕೋ ಎಂದರು. ನಾನು ಹಿಡಿದೆ. ಅವರು ನೋಡುತ್ತಿದ್ದದ್ದು ಬ್ಯಾಟನ್ನಲ್ಲ, ನನ್ನ ಮಣಿಕಟ್ಟನ್ನು. ಎಲ್ಲಿ ನಡುಗಲು ಶುರುವಾಗುತ್ತದೆ, ಮೇಲಿನ ಕೈಯೋ ಕೆಳಗಿನ ಕೈಯೋ ಮೊದಲು ಸೋಲುತ್ತದೆ ಎಂದು.

ಆಮೇಲೆ ಕೀಸುಳಿ ತೆಗೆದುಕೊಂಡು ಕೂತರು. ಮುಖವನ್ನು ಮುಟ್ಟಲಿಲ್ಲ. ಬೆನ್ನಿನಲ್ಲಿ ದಪ್ಪವಾಗಿರುವ ಜಾಗ, ಅಂದರೆ ನಾವು ಮಿಡಲ್ ಎನ್ನುವ, ಚೆಂಡು ಚಿಮ್ಮುವ ಜಾಗದ ಹಿಂಬದಿ, ಅದನ್ನೂ ಮುಟ್ಟಲಿಲ್ಲ. ಎಲ್ಲಿ ಪೆಟ್ಟು ಬೀಳುತ್ತದೆ ಎಂದು ನನ್ನನ್ನು ಕೇಳಿ ತಿಳಿದುಕೊಂಡು, "ಅಲ್ಲಿ ಮರ ಇರಲಿ" ಎಂದು ಬಿಟ್ಟರು. ತೆಗೆದದ್ದೆಲ್ಲ ಕೆಳಗಿನ ಒಂದು ಗೇಣಿನ ಬೆನ್ನಿನಿಂದ ಮತ್ತು ಕೆಳತುದಿಯ ಎರಡು ಮೂಲೆಗಳಿಂದ. ಮೂರು ನಾಲ್ಕು ಎಳೆತ ಎಳೆದು ನನ್ನ ಕೈಗೆ ಕೊಡುವುದು, ನಾನು ಬೀಸುವುದು, ಮತ್ತೆ ಬೆರಳ ಮೇಲಿಟ್ಟು ನೋಡುವುದು. ಬೆಳಿಗ್ಗೆ ಕೂತವರು ಊಟದ ಹೊತ್ತಿಗೆ ತೆಗೆದದ್ದು ಎರಡು ಹಿಡಿ ಸಿಪ್ಪೆ, ಅಷ್ಟೇ. ನೀವು ಮನೆಯಲ್ಲಿ ಸ್ಯಾಂಡ್ ಪೇಪರ್ ಹಿಡಿದು ಕೂತರೆ ಈ ನಿಧಾನವನ್ನು ಮರೆಯಬೇಡಿ. ಕೀಸಿದ ಮರವನ್ನು ಮತ್ತೆ ಅಂಟಿಸಲಾಗುವುದಿಲ್ಲ. ತುದಿಯನ್ನು ಬಹಳ ತೆಳ್ಳಗೆ ಮಾಡಿದರೆ ಮೊದಲ ಯಾರ್ಕರಿಗೇ ಸೀಳು ಬೀಳುತ್ತದೆ. ಕೀಸಿದ ಜಾಗಕ್ಕೆ ಮತ್ತೆ ತೆಳುವಾಗಿ ಎಣ್ಣೆ ಸವರುವುದೂ ಅಗತ್ಯ.

ಎಣ್ಣೆ! ಅಲ್ಲೇ ನನ್ನ ಎದೆ ಹೊಡೆದುಕೊಂಡದ್ದು. ತುದಿಯ ಸಿಪ್ಪೆಗಳು ಬೇರೆ ಮರದ ಸಿಪ್ಪೆಯಂತೆ ಗರಿಗರಿಯಾಗಿ ಹಾರಲಿಲ್ಲ. ಒದ್ದೆಯಾಗಿ, ಹಳದಿಯಾಗಿ, ಕೀಸುಳಿಯ ಬಾಯಿಗೇ ಅಂಟಿಕೊಂಡವು. ಆಚಾರಿ ಒಂದನ್ನು ಬಿಡಿಸಿ ಮೂಗಿಗೆ ಹಿಡಿದರು. ಮೂಸಿ, ನನ್ನ ಕಡೆ ನೋಡಿದರು. ಅವರಿಗೆ ಎಲ್ಲ ತಿಳಿಯಿತು ಎಂದು ನನಗೆ ತಿಳಿಯಿತು. ಮರಕ್ಕೆ ಎಣ್ಣೆ ಕುಡಿಸುವುದು ಅವರ ದಿನದಿನದ ಕೆಲಸವಲ್ಲವೇ?

ಅಪ್ಪ ಪಕ್ಕದಲ್ಲೇ ಕೂತಿದ್ದರು. "ಮರವೇ ಸರಿಯಿಲ್ಲವೇ ಆಚಾರೀ? ನನಗೆ ಇದರಲ್ಲೆಲ್ಲ ತಿಳಿಯುವುದಿಲ್ಲ" ಎಂದರು.

"ಮರ ಚೊಕ್ಕ ಉಂಟು. ಆರಿಸಿದ್ದೇನೂ ತಪ್ಪಿಲ್ಲ. ಸ್ವಲ್ಪ ಎಣ್ಣೆ ಜಾಸ್ತಿ ಕುಡಿದಿದೆ."

"ಅಂಗಡಿಯವರೇ ಕುಡಿಸಿರಬೇಕು, ತೂಕ ಬರಲಿ ಅಂತ" ಎಂದರು ಅಪ್ಪ.

ಆಚಾರಿ ಮತ್ತೊಮ್ಮೆ ನನ್ನ ಕಡೆ ನೋಡಿದರು. ಹೇಳು ಎಂಬಂತಿತ್ತೋ, ಬಿಡು ಎಂಬಂತಿತ್ತೋ, ಇಂದಿಗೂ ನನಗೆ ಸ್ಪಷ್ಟವಿಲ್ಲ. ನಾನು ಹೊಳೆಯ ಕಡೆ ಮುಖ ತಿರುಗಿಸಿದೆ. ಅವರು ಕೆಲಸಕ್ಕೆ ತೊಡಗಿದರು.

ಅವರು ಮಾಡಿದ ಎರಡನೆಯ ಕೆಲಸ ನನಗೆ ಆಗ ತಮಾಷೆಯಾಗಿ ಕಂಡಿತ್ತು. ಹಿಡಿಯ ರಬ್ಬರನ್ನು ಸುರುಳಿ ಸುತ್ತಿ ತೆಗೆದು, ಹಿಡಿಯ ಮೇಲ್ತುದಿಯಲ್ಲಿ ನಾಲ್ಕು ಬೆರಳಗಲ ಬಲೆಯ ನೂಲನ್ನು ಒತ್ತೊತ್ತಾಗಿ ಎರಡು ಸುತ್ತು ಸುತ್ತಿ, ಜೇನುಮೇಣ ತಿಕ್ಕಿ ಬಿಗಿದರು. ಬೆತ್ತದ ಮೇಲೆ ಮೊದಲೇ ಇದ್ದ ನೂಲನ್ನು ಬಿಚ್ಚಲಿಲ್ಲ, ಅದರ ಮೇಲೆಯೇ ಸುತ್ತಿದರು. ಆಮೇಲೆ ರಬ್ಬರನ್ನು ಏರಿಸಿ, ಅದರ ಮೇಲ್ತುದಿಗೆ ಒಂದು ತುಂಡು ಸೈಕಲ್ ಟ್ಯೂಬನ್ನು ಸೋಪಿನ ನೀರು ಹಚ್ಚಿ ಎಳೆದು ಕೂರಿಸಿದರು. "ಭಾರ ಅಂತ ತಂದರೆ ನೀವು ಇನ್ನೂ ಭಾರ ಸೇರಿಸ್ತೀರಲ್ಲ!" ಎಂದೆ.

ಆಚಾರಿ ಗೋಡೆಗೆ ಒರಗಿಸಿದ್ದ ಒಂದು ಹುಟ್ಟನ್ನು ತೋರಿಸಿದರು. ದೋಣಿಯ ಹೊರಗೆ ನೀರಿಗೆ ಬೀಳುವ ಭಾಗ ಉದ್ದ. ಒಳಗೆ ಉಳಿಯುವ, ಕೈ ಹಿಡಿಯುವ ಭಾಗ ಗಿಡ್ಡ. ಹಾಗಾಗಿ ಒಳಗಿನ ಭಾಗವನ್ನು ಬೇಕೆಂದೇ ದಪ್ಪ ಬಿಡುತ್ತಾರೆ. ಆ ದಪ್ಪ ಇಲ್ಲದಿದ್ದರೆ ಪ್ರತಿ ಎಳೆತಕ್ಕೂ ಹೊರಗಿನ ಭಾರವನ್ನೆಲ್ಲ ಎತ್ತುವವನ ತೋಳೇ ಹೊರಬೇಕು. ಹೊಳೆಯ ನಡುವೆ ಹೋಗುವಷ್ಟರಲ್ಲಿ ತೋಳು ಸೋಲುತ್ತದೆ. ನಮ್ಮ ತೋಟದ ಏತದಲ್ಲೂ ಹೀಗೇ. ನೀರಿನ ಮರಿಗೆಯ ಎದುರು ತುದಿಗೆ ಕಲ್ಲು ಕಟ್ಟಿರುತ್ತಾರೆ. ಕಲ್ಲು ಕಟ್ಟಿದ ಮೇಲೆ ಏತದ ಒಟ್ಟು ತೂಕ ಹೆಚ್ಚಾಯಿತು, ಎತ್ತುವುದು ಸುಲಭವಾಯಿತು.

ಕೆಲಸ ಮುಗಿದ ಮೇಲೆ ಮತ್ತೆ ಬೆರಳ ಮೇಲಿಟ್ಟು ಎರಡನೆಯ ಗೆರೆ ಹಾಕಿದರು. ಮೊದಲನೆಯದಕ್ಕಿಂತ ಎರಡು ಬೆರಳು ಮೇಲೆ. ಎರಡೇ ಬೆರಳು! ಆದರೆ ಸಂಜೆ ಗದ್ದೆಯಲ್ಲಿ ಊರ ಹುಡುಗರೊಡನೆ ಆಡುವಾಗ ಬ್ಯಾಟು ತಾನಾಗಿಯೇ ಹೆಗಲವರೆಗೆ ಹೋಗುತ್ತಿತ್ತು. ಆಚಾರಿ ದುಡ್ಡು ಮುಟ್ಟಲಿಲ್ಲ. "ಮುಂಬಯಿಯವರು ಒಂದು ಒಳ್ಳೇ ಉಳಿ ಕಳಿಸಿ" ಎಂದರು. ಅಪ್ಪ ಕಳಿಸಿದರು. ಕೊಳ್ಳುವಾಗ ನನ್ನನ್ನೂ ಕರೆದುಕೊಂಡು ಹೋದರು.

ಅದೇ ಈಗ ನನ್ನನ್ನು ಚುಚ್ಚುವುದು. ಆ ಬ್ಯಾಟಿನ ನಂತರ ಅಪ್ಪ ಒಬ್ಬರೇ ಹೋಗಿ ಯಾವ ದೊಡ್ಡ ವಸ್ತುವನ್ನೂ ಕೊಳ್ಳಲಿಲ್ಲ. ಫ್ಯಾನು, ಟೀವಿ, ಅಮ್ಮನ ಮಿಕ್ಸರ್, ಕೊನೆಗೆ ತಮ್ಮದೇ ಕನ್ನಡಕದ ಚೌಕಟ್ಟು ಕೂಡ. ಅಂಗಡಿಯಲ್ಲಿ ಎರಡು ಹೆಜ್ಜೆ ಹಿಂದೆ ನಿಂತು "ನನಗೆ ತಿಳಿಯುವುದಿಲ್ಲ, ನೀನೇ ನೋಡು" ಎನ್ನುತ್ತಿದ್ದರು. ಲಕ್ಷಗಟ್ಟಲೆ ರೂಪಾಯಿಗಳ ಲೆಕ್ಕವನ್ನು ಒಂದು ಪೈಸೆ ತಪ್ಪದೆ ಬರೆದ ಮನುಷ್ಯ. ಎಷ್ಟೋ ಸಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹದಿನಾಲ್ಕರಲ್ಲಿ ಹೆದರಿಕೆಯಿತ್ತು, ಇಪ್ಪತ್ತೈದರಲ್ಲಿ ನಾಚಿಕೆ, ನಲವತ್ತರಲ್ಲಿ, ಈಗೇಕೆ ಬಿಡು ಎಂಬ ಉದಾಸೀನ. 2009ರಲ್ಲಿ ಅವರು ತೀರಿಕೊಂಡರು. ಡಾಲ್ಡಾ ಡಬ್ಬಿಯ ವಿಷಯ ನಾನು ಮೊದಲ ಬಾರಿಗೆ ಬಾಯಿ ಬಿಡುತ್ತಿರುವುದು ಈ ಪುಟದಲ್ಲೇ.

ಇರಲಿ, ನಮ್ಮ ಹುಡುಗನ ಬ್ಯಾಟಿಗೆ ಬರೋಣ. ಅವನದನ್ನು ಕೀಸುವ ಅಗತ್ಯವೇ ಇರಲಿಲ್ಲ. ಹೊಸ ಬ್ಯಾಟಿಗೆ ಮೊದಲೇ ಕೀಸುಳಿ ಹಚ್ಚುವುದು ತಲೆನೋವಿಗೆ ತಲೆ ತೆಗೆದಂತೆ. ಮೊದಲು ಹಿಡಿಯನ್ನು ನೋಡಬೇಕು. ಮರುದಿನ ಬ್ಯಾಟು ಹಿಡಿದು ಮನೆಗೆ ಬಾ ಎಂದೆ, ಬಂದ.

ಅಡಿಗೆಮನೆಯ ತಕ್ಕಡಿ ತಂದೆವು. ಇದನ್ನೂ ನೀವು ಮಾಡಬಹುದು. ಬ್ಯಾಟನ್ನು ಮಲಗಿಸಿ, ಹಿಡಿಯ ನಡುವನ್ನು ಪುಸ್ತಕಗಳ ರಾಶಿಯ ಅಂಚಿಗೆ ಆನಿಸಿ, ಕೆಳತುದಿಯನ್ನು ಅಷ್ಟೇ ಎತ್ತರದಲ್ಲಿರುವ ತಕ್ಕಡಿಯ ಮೇಲಿಡಿ. ತಕ್ಕಡಿ ತೋರಿಸುವುದು ನಿಮ್ಮ ಮಣಿಕಟ್ಟು ಹೊರಬೇಕಾದ ಭಾರದ ಅಂದಾಜು. ಅವನ ಬ್ಯಾಟಿನ ಒಟ್ಟು ತೂಕ 1180 ಗ್ರಾಂ, ತುದಿಯಲ್ಲಿ 580. ನನ್ನ ಮಗಳು ಕಾಲೇಜಿನಲ್ಲಿ ಆಡುತ್ತಿದ್ದ ಬ್ಯಾಟಿನ ಒಟ್ಟು ತೂಕ 1230, ತುದಿಯಲ್ಲಿ 555. ಹುಡುಗ ಎರಡನ್ನೂ ಎತ್ತಿ ನೋಡಿ, ಐವತ್ತು ಗ್ರಾಂ ಹೆಚ್ಚಿರುವುದೇ ಹಗುರವೆಂದು ಒಪ್ಪಿಕೊಂಡ. ತಕ್ಕಡಿಯ ಬ್ಯಾಟರಿ ಸರಿಯಿದೆಯೇ ಎಂದು ಎರಡು ಸಲ ಪರೀಕ್ಷಿಸಿಯೂ ನೋಡಿದ, ಜಾಣ.

ಅವನ ಹಿಡಿ ಬಹಳ ಸಪೂರವಿತ್ತು, ಅವನ ಬೆರಳುಗಳು ಉದ್ದ. ಅಂಥವನು ಬ್ಯಾಟನ್ನು ಹಿಡಿಯುವುದಿಲ್ಲ, ಹಿಸುಕುತ್ತಾನೆ. ಹಿಸುಕಿದ ಕೈಗೆ ಹತ್ತಿಯೂ ಭಾರ. ಅದಕ್ಕೆ ಇದ್ದ ಗ್ರಿಪ್ಪಿನ ಕೆಳಗೆ, ಮೇಲ್ಗೈ ಬರುವ ಭಾಗಕ್ಕೆ ಮಾತ್ರ, ಹಳೆಯ ಗ್ರಿಪ್ಪಿನ ಅರ್ಧ ತುಂಡನ್ನು ಹಾಕಿದೆವು. ಗ್ರಿಪ್ ಏರಿಸುವ ಮರದ ಶಂಕು ನಿಮ್ಮಲ್ಲಿ ಇಲ್ಲದಿದ್ದರೆ ಚಿಂತೆಯಿಲ್ಲ. ಹಿಡಿಗೆ ತೆಳುವಾದ ಪ್ಲಾಸ್ಟಿಕ್ ಚೀಲ ತೊಡಿಸಿ, ಪೌಡರ್ ಉದುರಿಸಿ, ಗ್ರಿಪ್ಪನ್ನು ಮೆಲ್ಲನೆ ಇಳಿಸಿ, ಆಮೇಲೆ ಚೀಲವನ್ನು ಎಳೆದು ತೆಗೆದರಾಯಿತು. ಮೊದಲ ಸಲ ಬೈಗುಳ ಬಾಯಿಗೆ ಬರುತ್ತದೆ. ಎರಡನೆಯ ಸಲಕ್ಕೆ ಅಭ್ಯಾಸವಾಗುತ್ತದೆ.

ಪೂರ್ತಿ ಎರಡನೆಯ ಗ್ರಿಪ್ ಹಾಕುವವರೂ ಇದ್ದಾರೆ. ಒಂದು ಗ್ರಿಪ್ ಐವತ್ತು ಗ್ರಾಂ ಆಸುಪಾಸು ಇರುತ್ತದೆ. ಅದರಿಂದ ಬೆರಳ ಮೇಲಿನ ಗೆರೆ ಸುಮಾರು ಒಂದೂವರೆ ಸೆಂಟಿಮೀಟರ್ ಮೇಲೆ ಸರಿಯುತ್ತದೆ. ಆದರೆ ನಿಜ ಹೇಳಬೇಕೆಂದರೆ ಅದು ಕೈಯ ಅಡಿಯಲ್ಲೇ ಕೂರುವ ತೂಕ. ತುದಿಯ ತಕ್ಕಡಿಯಲ್ಲಿ ಅದರಿಂದ ಏನೂ ವ್ಯತ್ಯಾಸ ಕಾಣುವುದಿಲ್ಲ. ಹಗುರ ಅನಿಸುವುದು ದಪ್ಪ ಹಿಡಿ ಕೈತುಂಬ ಸಿಗುವುದರಿಂದ. ಪುಟ್ಟ ಕೈಯವರು ಹಾಗೆ ಮಾಡಿದರೆ ಉಲ್ಟಾ ಪರಿಣಾಮ: ಕೆಳಗಿನ ಕೈ ಬಿಗಿದುಕೊಂಡು ಕಟ್ ಹೊಡೆತವೇ ಮರೆತುಹೋಗುತ್ತದೆ. ಹೇಗಿದ್ದರೂ ಗ್ರಿಪ್ಪನ್ನು ನಾಳೆ ತೆಗೆದುಬಿಡಬಹುದು. ಆದ್ದರಿಂದ ಮೊದಲು ಅದನ್ನೇ ಮಾಡಿ ನೋಡಿ, ಎರಡು ವಾರ ಆಡಿ. ಆಮೇಲೂ ಬುಡ ಎಳೆಯುತ್ತದೆ ಎನಿಸಿದರೆ ಮಾತ್ರ ಸ್ಯಾಂಡ್ ಪೇಪರ್.

ಹುಡುಗ ಬಾಲ್ಕನಿಯಲ್ಲಿ ನಿಂತು ನಾಲ್ಕು ಸಲ ಬೀಸಿದ. ಮುಖ ಅರಳಿತು. "ಡ್ಯಾಡಿ ತಂದ ಬ್ಯಾಟು ಬ್ಯಾಡ್ ಏನಲ್ಲ ಅಂಕಲ್" ಎಂದ. ಇದನ್ನು ನನಗಲ್ಲ, ಮನೆಗೆ ಹೋಗಿ ಅವರಿಗೇ ಹೇಳು ಎಂದೆ. ಹೇಳಿದನೋ ಇಲ್ಲವೋ ಗೊತ್ತಿಲ್ಲ.

ನನ್ನ ಆ ಹಳೆಯ ಬ್ಯಾಟು ಇನ್ನೂ ಕಪಾಟಿನ ಮೇಲಿದೆ. ಸೈಕಲ್ ಟ್ಯೂಬು ಯಾವಾಗಲೋ ಪುಡಿಪುಡಿಯಾಗಿ ಉದುರಿತು, ಆಚಾರಿಯ ನೂಲು ಬಿಗಿಯಾಗಿಯೇ ಇದೆ. ಅಂಚಿನ ಮೇಲಿನ ಎರಡು ಪೆನ್ಸಿಲ್ ಗೆರೆಗಳೂ ಮಸುಕಾಗಿ ಕಾಣುತ್ತವೆ. ನಿಮ್ಮಲ್ಲಿ ಯಾರಿಗಾದರೂ ಬ್ಯಾಟಿನ ತಕರಾರಿದ್ದರೆ ಯಾವ ಭಾನುವಾರವಾದರೂ ಬೆಳಿಗ್ಗೆ ಬ್ಯಾಟು ಹಿಡಿದು ಮನೆಗೆ ಬನ್ನಿ. ತಕ್ಕಡಿ, ಸ್ಯಾಂಡ್ ಪೇಪರ್, ಪೌಡರ್ ಎಲ್ಲ ಇವೆ. ಎಣ್ಣೆ ಎಷ್ಟು ಕುಡಿಸಿದ್ದೀರಿ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡಿ.